ಬಾವುಟ ಎತ್ತಿದರೂ ರೆಫರಿ ಯಾಕೆ ಸೀಟಿ ಊದಲ್ಲ?

ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಕಾಲೇಜು ಹುಡುಗರ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದರೆ ಒಂದು ಬೈಗುಳ ಕೇಳಿಸದೇ ಇರುವುದಿಲ್ಲ. "ಲೈನ್‌ಮನ್ ಬಾವುಟ ಎತ್ತಿ ನಿಂತಾನಲ್ಲ, ಈ ರೆಫ್ರಿಗೆ ಕಣ್ಣು ಕಾಣ್ಸಲ್ವಾ?" ಮೆಟ್ಟಿಲ ಮೇಲೆ ಶೇಂಗಾ ಬಿಡಿಸುತ್ತಾ ಕೂತವರ ಲೆಕ್ಕದಲ್ಲಿ ಬಾವುಟ ಎದ್ದಿತು ಅಂದರೆ ತೀರ್ಪು ಆಯ್ತು. ರೆಫರಿ ಸೀಟಿ ಊದದೆ ಆಟ ಮುಂದುವರಿಸಿದರೆ ಅವರು ಎದುರು ತಂಡದ ಕಡೆಯವರೇ ಇರಬೇಕು.

ನಿಯಮ ಪುಸ್ತಕ ಹೇಳುವುದೇ ಬೇರೆ. ಫುಟ್‌ಬಾಲಿಗೆ ಒಟ್ಟು 17 ನಿಯಮಗಳಿವೆ. 5ನೆಯದು ರೆಫರಿಯದು, 6ನೆಯದು ಉಳಿದ ಅಧಿಕಾರಿಗಳದು. ತೀರ್ಪು ಕೊಡುವ ಅಧಿಕಾರ ರೆಫರಿ ಒಬ್ಬರಿಗೇ. ಗೆರೆಯ ಪಕ್ಕ ಬಾವುಟ ಹಿಡಿದು ಓಡುವವರು ತಾವು ಕಂಡದ್ದನ್ನು ಅವರಿಗೆ ತಿಳಿಸಬೇಕು, ಅಷ್ಟೆ. ನಾವೆಲ್ಲ ಇನ್ನೂ ಲೈನ್‌ಮನ್ ಅಂತಲೇ ಕರೆಯುತ್ತೇವೆ. 1996ರಿಂದ ನಿಯಮದಲ್ಲಿ ಅವರ ಹೆಸರು ಅಸಿಸ್ಟೆಂಟ್ ರೆಫರಿ.

ನಮ್ಮ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿ "ರೈಟ್" ಅನ್ನುತ್ತಾರಲ್ಲ, ಹಾಗೆ ಇದು. ಹಿಂದಿನ ಬಾಗಿಲು ಡ್ರೈವರ್‌ಗೆ ಸರಿಯಾಗಿ ಕಾಣುವುದಿಲ್ಲ, ಕಂಡಕ್ಟರ್‌ಗೆ ಕಾಣುತ್ತದೆ. ಹಾಗಂತ ಎದುರಿಗೆ ಎಮ್ಮೆ ನಿಂತಿದ್ದರೂ ಸೀಟಿ ಬಿತ್ತು ಅಂತ ಡ್ರೈವರ್ ಗಾಡಿ ಬಿಡುತ್ತಾರಾ? ಸ್ಟೇರಿಂಗ್ ಹಿಡಿದವರು ತಮಗೆ ಕಂಡದ್ದನ್ನೂ ಸೇರಿಸಿಕೊಂಡು ನಿರ್ಧಾರ ಮಾಡುತ್ತಾರೆ.

ಒಂದು ಕಾಲದಲ್ಲಿ ಇದು ಪೂರ್ತಿ ಉಲ್ಟಾ ಇತ್ತು. ಇಂಗ್ಲೆಂಡಿನಲ್ಲಿ ಮೊದಮೊದಲು ಎರಡೂ ತಂಡದ ಕಡೆಯಿಂದ ಒಬ್ಬೊಬ್ಬ ಅಂಪೈರ್ ಇರುತ್ತಿದ್ದರು. ಅವರಿಬ್ಬರಿಗೂ ಒಮ್ಮತ ಬರದಿದ್ದಾಗ ಮಾತ್ರ ಹೊರಗೆ ನಿಂತ ರೆಫರಿಯನ್ನು ಕೇಳುತ್ತಿದ್ದರು. ತಮ್ಮ ತಮ್ಮ ತಂಡದವರೇ ಅಂಪೈರ್ ಆದರೆ ಒಮ್ಮತ ಎಷ್ಟು ಸಲ ಬಂದೀತು, ನೀವೇ ಊಹಿಸಿ. 1891ರಲ್ಲಿ ರೆಫರಿಯನ್ನು ಮೈದಾನದ ಒಳಗೆ ತಂದು, ಅಂಪೈರ್‌ಗಳನ್ನು ಗೆರೆಯ ಆಚೆಗೆ ಕಳಿಸಿದರು.

ಒಳಗೆ ಬಂದ ರೆಫರಿ ಚೆಂಡು ಹೋದಲ್ಲೆಲ್ಲ ಓಡುವುದಿಲ್ಲ. ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡುತ್ತಾರೆ. ಇಬ್ಬರು ಸಹಾಯಕರು ಎದುರುಬದುರು ಗೆರೆಗಳಲ್ಲಿ ನಿಂತು ಅರ್ಧರ್ಧ ಮೈದಾನ ಹಂಚಿಕೊಳ್ಳುತ್ತಾರೆ. ರೆಫರಿಯ ಓರೆ ದಾರಿ ಯಾವ ಮೂಲೆಯಿಂದ ದೂರ ಇದೆಯೋ ಅಲ್ಲಿ ಸಹಾಯಕರು ಇರುತ್ತಾರೆ. ಹೀಗೆ ಓಡಿದರೆ ಆಟ ಹೆಚ್ಚುಕಡಿಮೆ ಯಾವಾಗಲೂ ರೆಫರಿ ಮತ್ತು ಆ ಕಡೆಯ ಸಹಾಯಕರ ನಡುವೆ ಸಿಗುತ್ತದೆ. ಒಂದೇ ಘಟನೆಯನ್ನು ಇಬ್ಬರು ಎರಡು ಕಡೆಯಿಂದ ನೋಡುತ್ತಾರೆ. ಅದಕ್ಕಿಂತ ಮುಖ್ಯ, ಚೆಂಡಿನ ಮೇಲೆ ಕಣ್ಣಿಟ್ಟಾಗಲೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತದೆ. ಈ ಪದ್ಧತಿಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ರೆಫರಿ ಸ್ಟಾನ್ಲಿ ರೌಸ್. ಮುಂದೆ ಅವರೇ ಫಿಫಾ ಅಧ್ಯಕ್ಷರಾದರು. ಹೆಡ್‌ಸೆಟ್ ಬರುವುದಕ್ಕೆ ಎಷ್ಟೋ ಮೊದಲು ಈ ಓರೆ ದಾರಿಯೇ ರೆಫರಿ ಮತ್ತು ಸಹಾಯಕರ ನಡುವಿನ ತಂತಿಯಾಗಿತ್ತು.

ಈಗ ಆಫ್‌ಸೈಡ್‌ಗೆ ಬರೋಣ. ಪಾಸ್ ಕೊಟ್ಟ ಕ್ಷಣಕ್ಕೆ ಎದುರು ತಂಡದ ಅರ್ಧದಲ್ಲಿ, ಚೆಂಡಿಗಿಂತಲೂ ಆ ತಂಡದ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಗೋಲಿಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್ ಜಾಗ. ಜಗಳ ಜಾಸ್ತಿ ಇರುವುದೇ ಅಲ್ಲಿ.

ಸಹಾಯಕರು ಎಲ್ಲಿ ನಿಂತಿದ್ದಾರೆ ನೋಡಿ. ರಕ್ಷಣೆ ಮಾಡುವ ತಂಡದ ಕೊನೆಯಿಂದ ಎರಡನೇ ಆಟಗಾರನ ನೇರಕ್ಕೆ ಇರುತ್ತಾರೆ. ಚೆಂಡು ಅವನಿಗಿಂತ ಗೋಲಿಗೆ ಹತ್ತಿರವಾದರೆ ಚೆಂಡಿನ ನೇರಕ್ಕೆ. ಅವನು ಎರಡು ಹೆಜ್ಜೆ ಮುಂದೆ ಬಂದರೆ ಇವರೂ ಎರಡು ಹೆಜ್ಜೆ, ಮೈದಾನಕ್ಕೆ ಮುಖ ಮಾಡಿಕೊಂಡೇ ಪಕ್ಕಕ್ಕೆ ಸರಿಯುತ್ತಾರೆ. ಪಾಸ್ ಕೊಟ್ಟ ಕ್ಷಣಕ್ಕೆ ಯಾರು ಎಲ್ಲಿದ್ದರು ಅನ್ನುವುದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆದರೆ ಬಾವುಟ ತಕ್ಷಣ ಎತ್ತುವಂತಿಲ್ಲ. ಆಫ್‌ಸೈಡ್ ಜಾಗದಲ್ಲಿ ನಿಂತಿರುವುದು ತಪ್ಪಲ್ಲ. ಅಲ್ಲಿಂದ ಚೆಂಡು ಮುಟ್ಟಿದರೆ, ಎದುರಾಳಿಗೆ ಅಡ್ಡ ಬಂದರೆ, ಅಲ್ಲಿ ನಿಂತಿದ್ದರಿಂದ ಲಾಭ ಪಡೆದರೆ ಆಗ ತಪ್ಪು. ಅದಕ್ಕೇ ಕಾದು ನೋಡಬೇಕು. ಬಾವುಟ ತಡವಾಗಿ ಏಳುವುದು ಈ ಕಾರಣಕ್ಕೆ. ಗ್ಯಾಲರಿಯಲ್ಲಿ ಮಾತ್ರ "ಈಗ ಎಚ್ಚರ ಆಯ್ತಾ ಇವ್ನಿಗೆ" ಅಂತ ನಗು.

ತಪ್ಪು ಅಂತ ಖಾತ್ರಿಯಾದ ಮೇಲೆ ಓಟ ನಿಲ್ಲಿಸಿ, ಮೈದಾನದ ಕಡೆ ತಿರುಗಿ, ರೆಫರಿಯ ಕಣ್ಣು ಹುಡುಕಿ ಬಾವುಟವನ್ನು ನೆಟ್ಟಗೆ ಮೇಲಕ್ಕೆ ಎತ್ತುತ್ತಾರೆ. ಗಡಿಬಿಡಿಯಲ್ಲಿ ಝಾಡಿಸುವಂತಿಲ್ಲ. ಬಾವುಟ ಕೈಯದೇ ಮುಂದುವರಿದ ಭಾಗದಂತೆ ಇರಬೇಕು ಅನ್ನುತ್ತದೆ ನಿಯಮ ಪುಸ್ತಕ. ಇದು ಮೊದಲ ಸಂದೇಶ: ಆಫ್‌ಸೈಡ್ ಆಗಿದೆ. ರೆಫರಿ ಒಪ್ಪಿ ಸೀಟಿ ಊದುತ್ತಾರೆ. ಈಗ ಎರಡನೇ ಪ್ರಶ್ನೆ: ಎಲ್ಲಿ ಆಗಿದೆ? ಸಹಾಯಕರು ಬಾವುಟವನ್ನು ಮುಂದಕ್ಕೆ ಇಳಿಸುತ್ತಾರೆ. ಓರೆಯಾಗಿ ಮೇಲೆ ನಿಲ್ಲಿಸಿದರೆ ಮೈದಾನದ ಆಚೆ ಬದಿ. ನೆಲಕ್ಕೆ ಸಮವಾಗಿ ಹಿಡಿದರೆ ನಡುವೆ. ಓರೆಯಾಗಿ ಕೆಳಗಿಳಿಸಿದರೆ ತಮ್ಮ ಹತ್ತಿರದ ಬದಿ. ಆಮೇಲೆ ರೆಫರಿ ಒಂದು ಕೈ ಮೇಲೆತ್ತಿ ನಿಲ್ಲುತ್ತಾರೆ. ಅದು ಆಟಗಾರರಿಗೆ: ಇದು ಇಂಡೈರೆಕ್ಟ್ ಫ್ರೀ ಕಿಕ್, ನೇರ ಗೋಲಿಗೆ ಹೊಡೆದರೆ ಲೆಕ್ಕಕ್ಕಿಲ್ಲ. ಇಷ್ಟೂ ಮಾತುಕತೆ ಕೆಲವೇ ಸೆಕೆಂಡಿನಲ್ಲಿ, ಒಂದೂ ಪದ ಇಲ್ಲದೆ ಮುಗಿಯುತ್ತದೆ.

ರೆಫರಿ ಬಾವುಟ ನೋಡಲೇ ಇಲ್ಲ ಅಂದರೆ? ಎತ್ತಿದ್ದನ್ನು ಹಾಗೇ ಹಿಡಿದಿರಬೇಕು. ರೆಫರಿ ಗಮನಿಸುವವರೆಗೆ, ಇಲ್ಲವೇ ಚೆಂಡು ರಕ್ಷಣೆ ಮಾಡುವ ತಂಡದ ಹಿಡಿತಕ್ಕೆ ಪೂರ್ತಿ ಬರುವವರೆಗೆ. ರೆಫರಿ ನೋಡಿಯೂ ಬೇಡ ಅನ್ನುವುದುಂಟು. ಚೆಂಡು ಸೀದಾ ಗೋಲ್‌ಕೀಪರ್ ಕೈಗೆ ಹೋಗಿದೆ, ಸೀಟಿ ಊದಿ ಆಟ ನಿಲ್ಲಿಸುವುದಕ್ಕಿಂತ ಅವನು ಎಸೆಯುವುದೇ ಲೇಸು. ಅಥವಾ ಕೊನೆಗೆ ಚೆಂಡು ತಾಗಿದ್ದು ಯಾರಿಗೆ ಅಂತ ರೆಫರಿಗೆ ಹತ್ತಿರದಿಂದ ಚೆನ್ನಾಗಿ ಕಂಡಿದೆ. ಆಗ ಅಂಗೈ ಕೆಳಗೆ ಮಾಡಿ "ಇಳಿಸಿ" ಅನ್ನುವ ಸನ್ನೆ ಮಾಡುತ್ತಾರೆ. ಹೆಬ್ಬೆರಳು ಎತ್ತಿ "ನೋಡಿದೆ, ಥ್ಯಾಂಕ್ಸ್" ಅನ್ನುವವರೂ ಇದ್ದಾರೆ. ಸಹಾಯಕರು ಬಾವುಟ ಇಳಿಸಿ ಮತ್ತೆ ಓಡುತ್ತಾರೆ. ಅಲ್ಲಿಗೆ ಸುದ್ದಿ ಹೋಯಿತು, ಉತ್ತರವೂ ಬಂತು. ನಾವು ಕೂಗುವುದು ಇಂಥ ಹೊತ್ತಿನಲ್ಲೇ. ಅವರಿಬ್ಬರ ನಡುವೆ ಯಾವ ತಕರಾರೂ ಇರುವುದಿಲ್ಲ.

ಬಾವುಟ ಯಾವ ಕೈಯಲ್ಲಿದೆ ಅನ್ನುವುದೂ ಒಂದು ಮಾತು. ಓಡುವಾಗ ಸಾಮಾನ್ಯವಾಗಿ ರೆಫರಿಗೆ ಹತ್ತಿರದ ಕೈಯಲ್ಲಿ, ಬಿಚ್ಚಿಕೊಂಡೇ, ಅವರಿಗೆ ಕಾಣುವ ಹಾಗೆ ಇರಬೇಕು. ಸೂಚನೆ ಕೊಡುವಾಗ ಮುಂದೆ ಯಾವ ದಿಕ್ಕು ತೋರಿಸಬೇಕೋ ಆ ಕೈಯಲ್ಲೇ ಮೇಲೆತ್ತಬೇಕು. ಥ್ರೋ-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ಎಡಕ್ಕೆ ಕೊಡಬೇಕಾದರೆ ಎಡಗೈಯಲ್ಲೇ ಎತ್ತಿದರೆ ಸಾಕು, ಯಾವ ತಂಡದ್ದು ಅಂತ ರೆಫರಿಗೆ ಆಗಲೇ ಗೊತ್ತಾಗುತ್ತದೆ. ಕೈ ಬದಲಾಯಿಸಲೇಬೇಕು ಅಂದರೆ ಸೊಂಟದ ಕೆಳಗೆ ಬದಲಾಯಿಸಬೇಕು. ತಲೆಯ ಮೇಲೆ ಬದಲಾಯಿಸಿದರೆ ಅದೇ ಒಂದು ಸೂಚನೆ ಅಂತ ಯಾರಾದರೂ ಆಟ ನಿಲ್ಲಿಸಿಬಿಟ್ಟಾರು.

ಥ್ರೋ-ಇನ್ ಸುಲಭ ಅನಿಸುತ್ತದೆ, ಅಲ್ವಾ? ಚೆಂಡು ಸಹಾಯಕರ ಕಾಲ ಬುಡದಲ್ಲೇ ಹೊರಗೆ ಹೋದರೆ ನೇರವಾಗಿ ದಿಕ್ಕು ತೋರಿಸುತ್ತಾರೆ. ದೂರದಲ್ಲಿ ಹೋಗಿ, ಕೊನೆಗೆ ಯಾರಿಗೆ ತಾಗಿತು ಅನ್ನುವ ಅನುಮಾನ ಇದ್ದರೆ ಬಾವುಟವನ್ನು ಸುಮ್ನೆ ಮೇಲೆತ್ತುತ್ತಾರೆ. "ಹೊರಗೆ ಹೋಯಿತು, ಯಾರದು ಅಂತ ನೀವು ಹೇಳಿ" ಅಂತ ಅದರ ಅರ್ಥ. ರೆಫರಿ ಕೈ ಮಾಡಿದ ಕಡೆಗೇ ಬಾವುಟವೂ ತಿರುಗುತ್ತದೆ. ಇದನ್ನು ನೋಡಿ "ರೆಫ್ರಿ ನೋಡ್ಕೊಂಡು ಬಾವುಟ ತೋರಿಸ್ತಾನೆ" ಅಂತ ಆಡಿಕೊಳ್ಳುವವರಿದ್ದಾರೆ. ಅವರು ಹಾಗೆ ಮಾಡಬೇಕು ಅಂತಲೇ ನಿಯಮ ಇರುವುದು. ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ತೋರಿಸಿ ನಿಂತರೆ ಆಮೇಲೆ ಇಡೀ ಪಂದ್ಯ ಯಾರೂ ಅವರ ಮಾತು ಕೇಳುವುದಿಲ್ಲ.

ಗೋಲ್ ಕಿಕ್‌ಗೆ ಬಾವುಟ ಗೋಲಿನ ಕಡೆ ಸಮವಾಗಿ, ಕಾರ್ನರ್‌ಗೆ ಮೂಲೆಯ ಕಡೆ ಕೆಳಮುಖವಾಗಿ, ಆಟಗಾರ ಬದಲಾಗುವಾಗ ಎರಡೂ ಕೈಯಲ್ಲಿ ತಲೆಯ ಮೇಲೆ ಅಡ್ಡಲಾಗಿ. ಇವು ಒಮ್ಮೆ ನೋಡಿದರೆ ನೆನಪಿರುತ್ತವೆ.

ಫೌಲ್ ಮಾತ್ರ ಸೂಕ್ಷ್ಮ. ಚೆಂಡು ಅತ್ತ ಹೋದ ಮೇಲೆ ಇತ್ತ ಒಬ್ಬ ಮೊಣಕೈಯಿಂದ ತಿವಿದ ಅಂತಿಟ್ಟುಕೊಳ್ಳಿ. ರೆಫರಿಯ ಬೆನ್ನು ಈ ಕಡೆಗಿದೆ. ಸಹಾಯಕರು ಕ್ಷಣಮಾತ್ರದಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ರೆಫರಿ ಇದನ್ನು ನೋಡಿರಬಹುದಾ? ನೋಡಿದ್ದರೆ ಅಡ್ವಾಂಟೇಜ್ ಕೊಟ್ಟು, ಅಂದರೆ ನಿಲ್ಲಿಸದಿದ್ದರೇ ಪೆಟ್ಟು ತಿಂದ ತಂಡಕ್ಕೆ ಲಾಭ ಅಂತ, ಆಟ ಬಿಡುತ್ತಿದ್ದರಾ? ಎರಡಕ್ಕೂ ಇಲ್ಲ ಅನಿಸಿದರೆ ಮಾತ್ರ ಬಾವುಟ ಎತ್ತಿ, ಕಣ್ಣು ಕೂಡಿದ ಮೇಲೆ ಸ್ವಲ್ಪ ಆಡಿಸಬೇಕು. ಜಾತ್ರೆಯಲ್ಲಿ ಬೀಸುವ ಹಾಗೆ ಬೀಸಬಾರದು. ಆ ಸಣ್ಣ ಅಲುಗಾಟದಿಂದಲೇ ಇದು ಆಫ್‌ಸೈಡ್ ಅಲ್ಲ, ಫೌಲ್ ಅಂತ ರೆಫರಿಗೆ ತಿಳಿಯುವುದು.

ಗೋಲ್ ಆದಾಗ ಬಾವುಟವೇ ಇಲ್ಲ. ಚೆಂಡು ಬಲೆಗೆ ಬಿದ್ದದ್ದು ಎಲ್ಲರಿಗೂ ಕಾಣುತ್ತಿದ್ದರೆ ಸಹಾಯಕರು ರೆಫರಿಯ ಕಣ್ಣು ನೋಡಿ ಮಧ್ಯದ ಗೆರೆಯ ಕಡೆ ಒಂದಷ್ಟು ದೂರ ಓಡುತ್ತಾರೆ. ಆ ಓಟವೇ "ನನ್ನ ಕಡೆಯಿಂದ ಎಲ್ಲ ಸರಿ ಇದೆ" ಅನ್ನುವ ಮಾತು. ಹೀಗಾಗಿ ಗೋಲಾದ ತಕ್ಷಣ ಹೊಡೆದವನನ್ನು ಬಿಟ್ಟು ಗೆರೆಯ ಪಕ್ಕ ನೋಡಿ. ಅಲ್ಲಿ ಯಾರೂ ಓಡದೆ ನಿಂತಿದ್ದರೆ ಸಂಭ್ರಮಿಸಲು ಆತುರ ಬೇಡ. ಚೆಂಡು ಗೆರೆ ದಾಟಿ ಪುಟಿದು ಹೊರಗೆ ಬಂದಿದ್ದರೆ ಮಾತ್ರ ಮೊದಲು ಬಾವುಟ ಎತ್ತಿ ಗಮನ ಸೆಳೆದು, ಆಮೇಲೆ ಗೋಲ್ ಅಂತ ಖಚಿತಪಡಿಸುತ್ತಾರೆ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಬಂತು. ರೆಫರಿಗೂ ಕಾಣಲಿಲ್ಲ, ಸಹಾಯಕರಿಗೂ ಕಾಣಲಿಲ್ಲ. ಟಿವಿ ಮುಂದೆ ಕೂತಿದ್ದ ಲೋಕಕ್ಕೆಲ್ಲ ಕಂಡಿತು. ಎರಡೇ ವರ್ಷದಲ್ಲಿ ಗೋಲ್ ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಚೆಂಡು ಗೆರೆ ದಾಟಿದ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರ ಅದುರುತ್ತದೆ.

ಇನ್ನು ಸೀಟಿ. ಸೀಟಿ ಎಲ್ಲರಿಗೂ ಕೇಳಬೇಕಾದ ಮಾತು. ಆಟ ಶುರು ಮಾಡಲು, ಫೌಲಿಗೆ ನಿಲ್ಲಿಸಲು, ಮುಗಿಸಲು ಅದು ಬೇಕೇ ಬೇಕು. ಕಣ್ಣಿಗೆ ಕಾಣುವ ಥ್ರೋ-ಇನ್‌ಗೆ, ಕಾರ್ನರ್‌ಗೆ, ಗೋಲ್ ಕಿಕ್‌ಗೆ ಬೇಡ. ಅನವಶ್ಯಕವಾಗಿ ಊದುತ್ತಿದ್ದರೆ ಬೇಕಾದಾಗ ಅದಕ್ಕೆ ಬೆಲೆ ಇರುವುದಿಲ್ಲ ಅಂತ ನಿಯಮ ಪುಸ್ತಕವೇ ಎಚ್ಚರಿಸುತ್ತದೆ. ಸಣ್ಣ ತಪ್ಪಿಗೆ ಚುಟುಕಾಗಿ, ಪೆನಾಲ್ಟಿಗೆ ಗಟ್ಟಿಯಾಗಿ ಉದ್ದಕ್ಕೆ. ಅನುಭವಿ ರೆಫರಿ ಊದುವ ರೀತಿಯಲ್ಲೇ ಏನಾಯಿತು ಅಂತ ತಿಳಿಯುತ್ತದೆ. ದುರ್ಗದಲ್ಲಿ ಇದಕ್ಕೊಂದು ಸ್ವಂತ ತೊಂದರೆ ಇದೆ: ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಊರಿದು. ಆಷಾಢದಲ್ಲಿ ಬಾವುಟ ಕೋಲಿಗೆ ಸುತ್ತಿಕೊಳ್ಳುತ್ತದೆ, ಸೀಟಿಯ ಸದ್ದು ಮೈದಾನದ ಒಂದು ತುದಿಗೆ ಹೋಗುವುದೇ ಇಲ್ಲ. (ಕ್ರೀಡಾಂಗಣಕ್ಕೆ ಯಾರ ಹೆಸರಿದೆಯೋ ಆ ಓಬವ್ವನ ಗಂಡ ಕೋಟೆಯಲ್ಲಿ ಕಹಳೆ ಊದುವ ಕೆಲಸದಲ್ಲಿದ್ದ ಅಂತ ಕಥೆ. ಸದ್ದು ಮುಟ್ಟಿಸುವ ಕಷ್ಟ ಈ ಊರಿಗೆ ಹೊಸದಲ್ಲ.) ಹಳೇ ಸೀಟಿಯೊಳಗೆ ಒಂದು ಸಣ್ಣ ಗುಂಡು ಇರುತ್ತದೆ. ಎಂಜಲಿಗೆ, ಧೂಳಿಗೆ ಅದು ಸಿಕ್ಕಿಕೊಂಡರೆ ಸದ್ದೇ ಇಲ್ಲ. ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಇದರಿಂದ ಬೇಸತ್ತು 1987ರಲ್ಲಿ ಗುಂಡಿಲ್ಲದ ಸೀಟಿಯನ್ನು ಮಾರುಕಟ್ಟೆಗೆ ತಂದರು. ಫಾಕ್ಸ್ 40 ಅಂತ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕೇಳುತ್ತಾರಲ್ಲ, ಅದೇ.

ಆಟಗಾರನಿಗೆ ಹೇಳುವ ಮಾತು ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ? 1966ರ ವಿಶ್ವಕಪ್, ವೆಂಬ್ಲಿ, ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವೆ ಕ್ವಾರ್ಟರ್ ಫೈನಲ್. ಜರ್ಮನಿಯ ರೆಫರಿ ಅರ್ಜೆಂಟೀನಾ ನಾಯಕ ರಟ್ಟಿನ್‌ಗೆ ಹೊರಗೆ ನಡಿ ಅಂದರು. ಅವರಿಗೆ ಸ್ಪ್ಯಾನಿಷ್ ಬಾರದು, ಇವನಿಗೆ ಜರ್ಮನ್ ಬಾರದು. ಇವನು ದುಭಾಷಿ ಬೇಕು ಅಂತ ನಿಂತ, ಎಷ್ಟೋ ಹೊತ್ತು ಮೈದಾನ ಬಿಡಲಿಲ್ಲ. ಆ ಗಲಾಟೆ ಬಿಡಿಸಿದ ರೆಫರಿಗಳ ಮುಖ್ಯಸ್ಥ ಕೆನ್ ಆಸ್ಟನ್ ಲಂಡನ್ನಿನ ರಸ್ತೆಯಲ್ಲಿ ಕಾರು ಓಡಿಸುವಾಗ ಸಿಗ್ನಲ್ ದೀಪ ಕಂಡರು. ಹಳದಿ ಅಂದರೆ ಹುಷಾರು, ಕೆಂಪು ಅಂದರೆ ನಿಲ್ಲು. 1970ರ ಮೆಕ್ಸಿಕೊ ವಿಶ್ವಕಪ್‌ಗೆ ಕಾರ್ಡುಗಳು ಬಂದವು. ಮಂಜು ಕವಿದ ಪಂದ್ಯವೊಂದರಲ್ಲಿ ಮಾಸಲು ಬಾವುಟ ಕಾಣಲಿಲ್ಲ ಅಂತ ಗೆರೆಯವರ ಕೈಗೆ ಎದ್ದು ಕಾಣುವ ಬಣ್ಣದ ಬಾವುಟ ಕೊಟ್ಟವರೂ ಇದೇ ಆಸ್ಟನ್.

ದೊಡ್ಡ ಪಂದ್ಯಗಳಲ್ಲಿ ಈಗ ಬಾವುಟದ ಹಿಡಿಯಲ್ಲೇ ಒಂದು ಗುಂಡಿ ಇರುತ್ತದೆ. ಒತ್ತಿದರೆ ರೆಫರಿಯ ತೋಳಿಗೆ ಕಟ್ಟಿದ ಯಂತ್ರ ಬೀಪ್ ಅಂದು ಅದುರುತ್ತದೆ. ಇದು ಬಾವುಟಕ್ಕೆ ಬದಲಿ ಅಲ್ಲ, ರೆಫರಿ ಈ ಕಡೆ ನೋಡದಿದ್ದಾಗ ಕರೆಯಲು. ಅದರ ಮೇಲೆ ಹೆಡ್‌ಸೆಟ್. 2006ರ ಜರ್ಮನಿ ವಿಶ್ವಕಪ್‌ನಲ್ಲಿ ರೆಫರಿಗಳು ಕಿವಿಗೆ ಹಾಕಿಕೊಂಡು ಮಾತಾಡುವುದನ್ನು ಎಲ್ಲರೂ ನೋಡಿದರು. ವಿಶ್ವಕಪ್‌ಗೆ ರೆಫರಿ ಮತ್ತು ಇಬ್ಬರು ಸಹಾಯಕರನ್ನು ಸಾಮಾನ್ಯವಾಗಿ ಒಂದೇ ದೇಶದಿಂದ ಆರಿಸುತ್ತಾರೆ. ಓಡುತ್ತಾ, ಏದುಸಿರಿನಲ್ಲಿ, ಹತ್ತಾರು ಸಾವಿರ ಜನರ ಗದ್ದಲದ ನಡುವೆ ಮಾತಾಡಬೇಕಾದಾಗ ಸ್ವಂತ ಭಾಷೆಯೇ ಬೇಕಲ್ಲ.

ಆದರೆ ಕಿವಿಗೆ ತಂತಿ ಬಂದ ಮಾತ್ರಕ್ಕೆ ಮಾತು ಮುಟ್ಟುತ್ತದಾ? ಅದೇ 2006ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕ್ರೊಯೇಷಿಯಾ ಮತ್ತು ಆಸ್ಟ್ರೇಲಿಯಾ ಆಡಿದವು. ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಕ್ರೊಯೇಷಿಯಾದ ಸಿಮುನಿಚ್‌ಗೆ ಎರಡನೇ ಹಳದಿ ಕಾರ್ಡು ತೋರಿಸಿದರು. ಪುಸ್ತಕದಲ್ಲಿ ಬರೆದದ್ದು ಮಾತ್ರ ಆಸ್ಟ್ರೇಲಿಯಾದ 3ನೇ ನಂಬರಿನವನ ಹೆಸರಿಗೆ. ಸಿಮುನಿಚ್ ನಂಬರೂ 3, ಅವನು ಹುಟ್ಟಿ ಬೆಳೆದದ್ದೂ ಆಸ್ಟ್ರೇಲಿಯಾದಲ್ಲಿ, ಮಾತಿನ ಧಾಟಿಯೂ ಅಲ್ಲಿಯದೇ. ಎರಡು ಹಳದಿ ಆದರೂ ಅವನು ಆಡುತ್ತಲೇ ಇದ್ದ. ಮೂರನೆಯದು ತೋರಿಸಿದ ಮೇಲೆ ಹೊರಗೆ ಹೋದ. ಇಬ್ಬರು ಸಹಾಯಕರು, ಒಬ್ಬ ನಾಲ್ಕನೇ ಅಧಿಕಾರಿ, ಯಾರೂ ಸಮಯಕ್ಕೆ ಹೇಳಲಿಲ್ಲ.

ವಿಎಆರ್ (ಕೋಣೆಯಲ್ಲಿ ಕೂತು ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದ ಮೇಲೆ ಈ ಮಾತುಕತೆಗೆ ಮೈದಾನದ ಹೊರಗಿನವರೂ ಸೇರಿದರು. 2018ರಲ್ಲಿ ಅದು ನಿಯಮಕ್ಕೆ ಬಂತು. ಗೋಲ್, ಪೆನಾಲ್ಟಿ, ನೇರ ಕೆಂಪು ಕಾರ್ಡು, ತಪ್ಪಾದ ಆಟಗಾರನಿಗೆ ಶಿಕ್ಷೆ, ಆಗ ಈ ನಾಲ್ಕಕ್ಕೆ ಮಾತ್ರ ಇತ್ತು. ರೆಫರಿ ಒಂದು ಬೆರಳು ಕಿವಿಗೆ ಇಟ್ಟು ಇನ್ನೊಂದು ಕೈ ಚಾಚಿದರೆ "ಕೇಳಿಸಿಕೊಳ್ಳುತ್ತಿದ್ದೇನೆ, ಆಟ ಶುರು ಮಾಡಬೇಡಿ" ಅಂತ. ಗಾಳಿಯಲ್ಲಿ ಟಿವಿ ಚೌಕ ಬರೆದರೆ ಮರುಪರಿಶೀಲನೆ. ಆಟಗಾರರು ಅದೇ ಚೌಕ ಬರೆದು ಪೀಡಿಸಿದರೆ ಹಳದಿ ಕಾರ್ಡು. ಸಹಾಯಕರ ಬಾವುಟ ಈಗ ಇನ್ನೂ ತಡ. ಗೋಲಿನ ಹೊಸ್ತಿಲಲ್ಲಿ ಕೂದಲೆಳೆಯ ಆಫ್‌ಸೈಡ್ ಅನಿಸಿದರೆ ಎತ್ತದೆ ಕಾಯುತ್ತಾರೆ. ಎತ್ತಿ ಆಟ ನಿಂತರೆ, ಆಮೇಲೆ ಸರಿ ಇತ್ತು ಅಂತ ಗೊತ್ತಾದರೂ ಹೋದ ಗೋಲ್ ಬರುವುದಿಲ್ಲ.

2023ರ ಸೆಪ್ಟೆಂಬರ್ 30ರಂದು ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಮೈದಾನದಲ್ಲಿ ನಡೆದದ್ದನ್ನು ನಾನು ಎಲ್ಲಕ್ಕಿಂತ ದೊಡ್ಡ ಪಾಠ ಅನ್ನುತ್ತೇನೆ. ಎದುರು ತಂಡ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲ್ ಹೊಡೆದ. ಸಹಾಯಕರು ಆಫ್‌ಸೈಡ್ ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿ ಗೆರೆ ಎಳೆದು ನೋಡಿದರು, ಡಿಯಾಜ್ ಸರಿಯಾದ ಜಾಗದಲ್ಲೇ ಇದ್ದ. ನೋಡಿದ್ದು ಸರಿ, ಎಳೆದ ಗೆರೆ ಸರಿ. ಆದರೆ ಮೈದಾನದಲ್ಲಿ ಗೋಲ್ ಅಂತಲೇ ಕೊಟ್ಟಿದ್ದಾರೆ ಅಂದುಕೊಂಡು "ಪರಿಶೀಲನೆ ಮುಗಿಯಿತು" ಅಂದುಬಿಟ್ಟರು. ಮೈದಾನದಲ್ಲಿದ್ದವರು ಅದನ್ನು "ಆಫ್‌ಸೈಡ್ ಸರಿ" ಅಂತ ಕೇಳಿಸಿಕೊಂಡರು. ಟಾಟನ್‌ಹ್ಯಾಮ್ ಫ್ರೀ ಕಿಕ್ ತೆಗೆದುಕೊಂಡಿತು. ಕೋಣೆಯಲ್ಲಿ ರೀಪ್ಲೇ ನಡೆಸುತ್ತಿದ್ದವರು ಎಡವಟ್ಟನ್ನು ಗುರುತಿಸಿದಾಗ ತಡವಾಗಿತ್ತು. ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗಲು ನಿಯಮದಲ್ಲಿ ಜಾಗ ಇಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ಆ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಆಮೇಲೆ ಬಹಿರಂಗ ಮಾಡಿದರು. ಅದರಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. "ನೀವು ಕೊಟ್ಟದ್ದು ಆಫ್‌ಸೈಡ್, ನಾನು ಹೇಳುತ್ತಿರುವುದು ಗೋಲ್" ಅನ್ನುವ ಒಂದು ವಾಕ್ಯ ಮಾತ್ರ ಇಲ್ಲ. ಬಾವುಟ ಹಿಡಿದವರು ಕಣ್ಣು ಕೂಡುವವರೆಗೆ ಕಾಯುತ್ತಾರಲ್ಲ, ಆ ಕೆಲಸ ಇಲ್ಲಿ ಯಾರೂ ಮಾಡಲಿಲ್ಲ. ಪರಿಶೀಲನೆ ಮುಗಿಸುವ ಮುಂಚೆ ಫಲಿತಾಂಶವನ್ನು ಬಾಯಿಬಿಟ್ಟು ಖಚಿತಪಡಿಸಿಕೊಳ್ಳಬೇಕು ಅಂತ ಆಮೇಲೆ ಕ್ರಮ ಬದಲಾಯಿಸಿದರು.

ನಮ್ಮ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಬೀಪ್ ಇಲ್ಲ, ಹೆಡ್‌ಸೆಟ್ ಇಲ್ಲ. ಇರುವುದು ಪಂದ್ಯಕ್ಕೆ ಮುಂಚಿನ ಮಾತು. ಎಷ್ಟೋ ಸಲ ರೆಫರಿ ಅಂದರೆ ಯಾವುದೋ ಶಾಲೆಯ ಪಿಟಿ ಮೇಷ್ಟ್ರು. ಮೂವರೂ ಮೈದಾನದ ಅಂಚಿನಲ್ಲಿ ನಿಂತು ಮಾತಾಡುತ್ತಿರುವುದನ್ನು ನೋಡಿರುತ್ತೀರಿ. "ಯಾರೇ ಬಾವುಟ ಎತ್ತೋಕೆ ಮುಂಚೆ ನನ್ನ ಮುಖ ನೋಡಿ. ಬಾಕ್ಸ್ ಒಳಗೆ ಫೌಲ್ ಕಂಡ್ರೆ, ನಾನು ನೋಡಿಲ್ಲ ಅಂತ ಗ್ಯಾರಂಟಿ ಇದ್ರೆ ಮಾತ್ರ ಎತ್ತಿ. ಹಳದಿ ಕೊಡಬೇಕು ಅನ್ನಿಸಿದ್ರೆ ಎದೆ ಜೇಬಿನ ಮೇಲೆ ಕೈ ಇಡಿ ಸಾರ್, ಸಾಕು. ಎಷ್ಟು ನಿಮಿಷ ಉಳಿದಿದೆ ಅಂತ ಬೆರಳಲ್ಲಿ ತೋರಿಸಿ." ಇದರಲ್ಲಿ ಅರ್ಧದಷ್ಟು ಸನ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಆ ಮೂವರಿಗೆ ಗೊತ್ತಿದ್ದರೆ ಸಾಕು, ಬೇರೆಯವರಿಗೆ ಗೊತ್ತಾಗದಿದ್ದರೆ ಇನ್ನೂ ಒಳ್ಳೆಯದು.

ಕೆಲವು ಸಲ ತರಬೇತಿ ಆದ ಸಹಾಯಕರೇ ಸಿಗುವುದಿಲ್ಲ. ಎರಡೂ ತಂಡದ ಹೆಚ್ಚುವರಿ ಆಟಗಾರರ ಕೈಗೆ ಒಂದೊಂದು ಬಾವುಟ ಕೊಟ್ಟು ನಿಲ್ಲಿಸುತ್ತಾರೆ. ಆಗ ಜಾಣ ರೆಫರಿ ಅವರಿಗೆ ಒಂದೇ ಕೆಲಸ ಹೇಳುತ್ತಾರೆ: ಚೆಂಡು ಪೂರ್ತಿ ಗೆರೆ ದಾಟಿದರೆ ಎತ್ತು, ಬೇರೆ ಯಾವುದಕ್ಕೂ ಬೇಡ. ಆಫ್‌ಸೈಡ್, ಫೌಲ್ ಎಲ್ಲ ರೆಫರಿಯೇ ನೋಡಿಕೊಳ್ಳುತ್ತಾರೆ. ಅಂಥ ಪಂದ್ಯದಲ್ಲಿ ಆ ಹುಡುಗ ತನ್ನ ತಂಡದ ಮೇಲಿನ ಅಕ್ಕರೆಗೆ ಆಫ್‌ಸೈಡ್ ಅಂತ ಬಾವುಟ ಎತ್ತಿದರೂ ರೆಫರಿ ಆ ಕಡೆ ತಿರುಗಿಯೂ ನೋಡುವುದಿಲ್ಲ.